ಮಗುವಿಗೆ ಇನ್ಸುಲಿನ್ ರೆಸಿಸ್ಟೆನ್ಸ್ ಇದೆ ಅಂದರೆ ಮನೆಯಲ್ಲಿ ಎಲ್ಲಿಂದ ಶುರು ಮಾಡಬೇಕು

ಮಗುವಿನ ತೂಕ ಜಾಸ್ತಿ ಇದೆ, ಕುತ್ತಿಗೆಯ ಹಿಂದೆ ಕಪ್ಪಾಗಿದೆ, ರಿಪೋರ್ಟ್ ನೋಡಿದ ಡಾಕ್ಟರು ‘ಇನ್ಸುಲಿನ್ ರೆಸಿಸ್ಟೆನ್ಸ್ ಶುರುವಾಗಿದೆ, ಕಾರ್ಬ್ಸ್ ಕಡಿಮೆ ಮಾಡಿ’ ಅಂದರು. ಅಷ್ಟೇ. ಕಾರ್ಬ್ಸ್ ಅಂದರೆ ಊಟದಲ್ಲಿರುವ ಪಿಷ್ಟ ಮತ್ತು ಸಕ್ಕರೆ, ಸರಿ, ಆದರೆ ಯಾವುದನ್ನು ಕಡಿಮೆ ಮಾಡಬೇಕು, ಎಷ್ಟು, ಹಸಿವು ಅಂತ ಅಳುವ ಮಗುವಿಗೆ ಬದಲಿಗೆ ಏನು ಕೊಡಬೇಕು, ಇದನ್ನೆಲ್ಲ ಕೂತು ಹೇಳುವ ಪುರುಸೊತ್ತು ಅವರಿಗೆ ಇರುವುದಿಲ್ಲ. ಮನೆಗೆ ಬಂದ ಅಪ್ಪ ಅಮ್ಮ ಮಾಡುವ ಮೊದಲ ಕೆಲಸ ಮಗುವಿನ ತಟ್ಟೆಯಿಂದ ಅನ್ನ ತೆಗೆಯುವುದು. ನನ್ನ ಪ್ರಕಾರ ಅದು ಕೊನೆಯ ಕೆಲಸ. ಮೊದಲು ಕೈ ಹಾಕಬೇಕಾದ್ದು ಲೋಟಕ್ಕೆ. ಆಮೇಲೆ ಬೆಳಗಿನ ತಿಂಡಿಗೆ, ಆಮೇಲೆ ಅಡುಗೆಮನೆಯ ಡಬ್ಬಿಗಳಿಗೆ, ಎಲ್ಲ ಆದಮೇಲೆ ಊಟದ ತಟ್ಟೆಗೆ. ಈ ಕ್ರಮ ಸುಮ್ನೆ ಹೇಳಿದ್ದಲ್ಲ. ಕಡಿಮೆ ಜಗಳ, ಜಾಸ್ತಿ ಲಾಭ ಇರುವುದು ಈ ದಾರಿಯಲ್ಲೇ.

ಮೊದಲು, ಒಳಗೆ ಏನಾಗುತ್ತಿದೆ

ತಿಂದ ಪಿಷ್ಟ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ನಿನ ಕೆಲಸ ಒಂದೆರಡಲ್ಲ. ಸ್ನಾಯು ಮತ್ತು ಕೊಬ್ಬಿನ ಕೋಶಗಳು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವಂತೆ ಮಾಡುತ್ತದೆ, ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವುದನ್ನು ತಡೆಯುತ್ತದೆ, ಕೂಡಿಟ್ಟ ಕೊಬ್ಬು ಕರಗದಂತೆ ಹಿಡಿದಿಡುತ್ತದೆ.

ರೆಸಿಸ್ಟೆನ್ಸ್ ಅಂದರೆ ಕೋಶಗಳು ಇನ್ಸುಲಿನ್ನಿಗೆ ಮೊದಲಿನಷ್ಟು ಓಗೊಡದೇ ಇರುವುದು. ಕದ ತಟ್ಟಿದಾಗ ಒಳಗಿನವರು ಏಳದಿದ್ದರೆ ಇನ್ನೂ ಜೋರಾಗಿ ತಟ್ಟುತ್ತೇವಲ್ಲ, ಗ್ರಂಥಿಯೂ ಹಾಗೇ, ಹೆಚ್ಚು ಹೆಚ್ಚು ಇನ್ಸುಲಿನ್ ಬಿಟ್ಟು ಕೆಲಸ ಮಾಡಿಸಿಕೊಳ್ಳುತ್ತದೆ. ಅದಕ್ಕೇ ವರ್ಷಗಟ್ಟಲೆ ರಕ್ತದ ಸಕ್ಕರೆ ಸರಿಯಾಗಿಯೇ ಕಾಣುತ್ತದೆ. ‘ಶುಗರ್ ನಾರ್ಮಲ್ ಇದೆಯಲ್ಲ, ಮತ್ತೇನು ಚಿಂತೆ’ ಅಂತ ರಿಪೋರ್ಟನ್ನು ಬೀರುವಿಗೆ ಸೇರಿಸುವವರು ಇದನ್ನು ಗಮನಿಸಬೇಕು. ಸಕ್ಕರೆ ಏರುವುದು ಗ್ರಂಥಿ ದಣಿದ ಮೇಲೆ.

ಇದಕ್ಕೆಲ್ಲ ಕಾರ್ಬ್ಸ್ ಒಂದೇ ಕಾರಣವಾ? ಅಲ್ಲ. ಹೊಟ್ಟೆಯ ಒಳಗೆ, ಲಿವರ್ ಮತ್ತು ಸ್ನಾಯುಗಳಲ್ಲಿ ಸೇರಿಕೊಂಡ ಕೊಬ್ಬು ದೊಡ್ಡ ಕಾರಣ. ಮನೆತನದಲ್ಲಿ ಟೈಪ್ 2 ಡಯಾಬಿಟಿಸ್ ಇರುವುದು, ಬಸುರಿಯಾಗಿದ್ದಾಗ ತಾಯಿಗೆ ಶುಗರ್ ಇದ್ದದ್ದು, ಮಗು ಕಡಿಮೆ ತೂಕದಲ್ಲಿ ಹುಟ್ಟಿ ಆಮೇಲೆ ಬೇಗ ದಪ್ಪಗಾದದ್ದು, ಓಡಾಟ ಇಲ್ಲದಿರುವುದು, ನಿದ್ದೆ ಸಾಲದಿರುವುದು, ಎಲ್ಲವೂ ಸೇರುತ್ತವೆ. ಜೊತೆಗೆ ವಯಸ್ಸಿಗೆ ಬರುವ ಹೊತ್ತು ಬೇರೆ. ಆ ಕೆಲವು ವರ್ಷ ಎಲ್ಲ ಮಕ್ಕಳಲ್ಲೂ, ತೆಳ್ಳಗಿರುವವರಲ್ಲೂ, ಇನ್ಸುಲಿನ್ ಕೆಲಸ ಮಾಡುವ ಶಕ್ತಿ ಕಾಲು ಭಾಗದಿಂದ ಅರ್ಧದವರೆಗೂ ಇಳಿಯುತ್ತದೆ. ಬೆಳವಣಿಗೆಯ ಹಾರ್ಮೋನು ಆಗ ಜಾಸ್ತಿ ಇರುತ್ತದೆ, ಅದರ ಪರಿಣಾಮ. ತೂಕ ಸರಿಯಿರುವ ಮಕ್ಕಳಲ್ಲಿ ಇದು ತಾನಾಗಿ ಸರಿಹೋಗುತ್ತದೆ. ಬೊಜ್ಜಿರುವ ಮಕ್ಕಳಲ್ಲಿ ಮೊದಲೇ ಇರುವ ಹೊರೆಯ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. 10ರಿಂದ 14ರ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ರಿಪೋರ್ಟ್ ಕೆಡುವುದು ಹೆಚ್ಚಾಗಿ ಇದರಿಂದಲೇ.

ಹಾಗಾದರೆ ಮೈದಾ, ಸಕ್ಕರೆಯ ಮೇಲೇ ಯಾಕೆ ಕಣ್ಣು? ವಂಶವನ್ನು ಬದಲಿಸಲು ಆಗುವುದಿಲ್ಲ, ಮಗು ವಯಸ್ಸಿಗೆ ಬರುವುದನ್ನು ತಡೆಯಲು ಆಗುವುದಿಲ್ಲ. ಮನೆಗೆ ಏನು ತರುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ಅದೂ ಅಲ್ಲದೆ ಸಂಸ್ಕರಿಸಿದ ಕಾರ್ಬ್ಸ್‌ಗೆ ಎರಡು ಕೆಟ್ಟ ಗುಣಗಳಿವೆ, ಎರಡನ್ನೂ ಬೇರೆಬೇರೆಯಾಗಿ ತಿಳಿದುಕೊಂಡರೆ ಒಳ್ಳೆಯದು.

ಒಂದು, ವೇಗ. ಇಡೀ ಧಾನ್ಯದಲ್ಲಿ ಹೊರಗೆ ತವುಡು, ಒಳಗೆ ಮೊಳಕೆಯ ಭಾಗ, ನಡುವೆ ಪಿಷ್ಟ ಇರುತ್ತದೆ. ಪಾಲಿಶ್ ಮಾಡಿ ನುಣ್ಣಗೆ ಬೀಸಿದರೆ ತವುಡೂ ಮೊಳಕೆಯೂ ಹೋಗಿ ಪಿಷ್ಟ ಮಾತ್ರ ಉಳಿಯುತ್ತದೆ. ನಾರಿನ ತಡೆ ಇಲ್ಲದ್ದರಿಂದ ಅದು ಬೇಗ ಗ್ಲೂಕೋಸ್ ಆಗುತ್ತದೆ, ಇನ್ಸುಲಿನ್ ಒಂದೇ ಸಲ ಏರುತ್ತದೆ, ಸ್ವಲ್ಪ ಹೊತ್ತಿಗೆ ಸಕ್ಕರೆ ಇಳಿದು ಮತ್ತೆ ಹಸಿವು. 1999ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಬೊಜ್ಜಿದ್ದ 12 ಹದಿಹರೆಯದ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದ್ದರು. ಒಂದು ದಿನ ಇನ್‌ಸ್ಟಂಟ್ ಓಟ್ಸ್, ಒಂದು ದಿನ ಕತ್ತರಿಸಿದ ಗಟ್ಟಿ ಓಟ್ಸ್, ಇನ್ನೊಂದು ದಿನ ತರಕಾರಿ ಆಮ್ಲೆಟ್ ಜೊತೆಗೆ ಹಣ್ಣು. ಕ್ಯಾಲೊರಿ ಮೂರರಲ್ಲೂ ಒಂದೇ. ಆಮೇಲೆ ಬೇಕಾದಷ್ಟು ತಿನ್ನಿ ಅಂತ ಬಿಟ್ಟರು. ಇನ್‌ಸ್ಟಂಟ್ ಓಟ್ಸ್ ತಿಂದ ದಿನ ಹುಡುಗರು ಗಟ್ಟಿ ಓಟ್ಸ್ ದಿನಕ್ಕಿಂತ 53% ಜಾಸ್ತಿ, ಆಮ್ಲೆಟ್ ದಿನಕ್ಕಿಂತ 81% ಜಾಸ್ತಿ ತಿಂದರು. ಹುಡುಗರು ಹನ್ನೆರಡೇ ಮಂದಿ, ಚಿಕ್ಕ ಪ್ರಯೋಗ, ನಿಜ. ಆದರೆ ಎರಡು ದಿನವೂ ಓಟ್ಸೇ, ಮುಖ್ಯ ವ್ಯತ್ಯಾಸ ಸಂಸ್ಕರಿಸಿದ ರೀತಿಯಲ್ಲಿತ್ತು ಅನ್ನುವುದನ್ನು ನೋಡಿ. ‘ಇವನಿಗೆ ಎಷ್ಟು ಕೊಟ್ಟರೂ ಸಾಲಲ್ಲ’ ಅಂತ ಮಗುವನ್ನು ಬೈಯುವ ಮೊದಲು ಬೆಳಿಗ್ಗೆ ಏನು ಕೊಟ್ಟಿದ್ದೆವು ಅಂತ ಯೋಚಿಸಬೇಕು.

ಎರಡು, ಸಕ್ಕರೆಯ ಇನ್ನೊಂದು ಅರ್ಧ. ನಾವು ಬಳಸುವ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸಿನ ಬಹುಪಾಲು ಲಿವರಿಗೆ ಹೋಗುತ್ತದೆ. ಒಟ್ಟಿಗೆ ಜಾಸ್ತಿ ಬಂದರೆ ಲಿವರ್ ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ, ಆ ಕೊಬ್ಬು ಅಲ್ಲೇ ಕೂತು ಲಿವರನ್ನೇ ಇನ್ಸುಲಿನ್ನಿಗೆ ಕಿವುಡಾಗಿಸುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೊಜ್ಜಿದ್ದ 43 ಮಕ್ಕಳಿಗೆ 9 ದಿನ ಸಕ್ಕರೆ ಕಡಿಮೆ ಮಾಡಿ, ಆ ಜಾಗದಲ್ಲಿ ಅಷ್ಟೇ ಕ್ಯಾಲೊರಿಯ ಪಿಷ್ಟದ ಆಹಾರ ಕೊಟ್ಟರು. ತೂಕ ಹೆಚ್ಚುಕಮ್ಮಿ ಹಾಗೇ ಇತ್ತು, ಆದರೂ ಉಪವಾಸದ ಇನ್ಸುಲಿನ್, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು), ರಕ್ತದೊತ್ತಡ ಎಲ್ಲ ಇಳಿಯಿತು. ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ, ಅದು ಆ ಅಧ್ಯಯನದ ಕೊರತೆ. ಆದರೂ ಸಕ್ಕರೆ ಮೊದಲು, ಪಿಷ್ಟ ಆಮೇಲೆ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಡಾಕ್ಟರ ಹತ್ತಿರ ಹೋಗಲೇಬೇಕಾದ ಸಂದರ್ಭಗಳು

ಮಗು ವಿಪರೀತ ನೀರು ಕುಡಿಯುತ್ತಿದೆ, ಪದೇ ಪದೇ ಮೂತ್ರ ಮಾಡುತ್ತಿದೆ, ಹಾಸಿಗೆ ಒದ್ದೆ ಮಾಡುವುದು ನಿಂತಿದ್ದದ್ದು ಮತ್ತೆ ಶುರುವಾಗಿದೆ, ಪ್ರಯತ್ನವೇ ಇಲ್ಲದೆ ತೂಕ ಇಳಿಯುತ್ತಿದೆ ಅಂದರೆ ಅದು ಡಯಾಬಿಟಿಸ್ ಇರಬಹುದು. ಅದೇ ದಿನ ತೋರಿಸಿ. ಜೊತೆಗೆ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ, ಮಂಪರು ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಕರೆದುಕೊಂಡು ಹೋಗಿ. ‘ದಪ್ಪ ಇದ್ದ, ಈಗ ಸಣ್ಣ ಆಗ್ತಿದ್ದಾನೆ, ಒಳ್ಳೇದೇ ಆಯ್ತು’ ಅಂತ ಖುಷಿಪಡುವ ತಪ್ಪು ಅಪಾಯಕಾರಿ.

ಕುತ್ತಿಗೆ, ಕಂಕುಳು, ತೊಡೆ ಸಂದಿಯಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ಮಖಮಲ್ಲಿನಂತೆ ಇದ್ದರೆ ಅದು ಕೊಳೆ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುವುದರ ಗುರುತು ಅದು. ಉಜ್ಜಿದರೆ ಹೋಗುವುದಿಲ್ಲ, ದಯವಿಟ್ಟು ಮಗುವಿನ ಕುತ್ತಿಗೆ ಉಜ್ಜಿ ಗಾಯ ಮಾಡಬೇಡಿ.

ಡಯಾಬಿಟಿಸ್ ಇದೆಯಾ ಅಂತ ನೋಡುವುದಕ್ಕೆ ಸಾಮಾನ್ಯವಾಗಿ ಉಪವಾಸದ ಗ್ಲೂಕೋಸ್ ಮತ್ತು ಎಚ್‌ಬಿಎ1ಸಿ (ಕೆಲವು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) ಸಾಕು. ಉಪವಾಸದಲ್ಲಿ 100ರಿಂದ 125 ಮಿ.ಗ್ರಾಂ, ಅಥವಾ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಡಯಾಬಿಟಿಸ್‌ನ ಹಿಂದಿನ ಹಂತ. 126 ಅಥವಾ 6.5 ಮುಟ್ಟಿದರೆ ಡಯಾಬಿಟಿಸ್ ಸಾಧ್ಯತೆ, ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ಲಿವರ್ ಎನ್‌ಜೈಮ್, ಕೊಲೆಸ್ಟ್ರಾಲ್, ರಕ್ತದೊತ್ತಡವನ್ನೂ ನೋಡುತ್ತಾರೆ. ಇನ್ನು ಉಪವಾಸದ ಇನ್ಸುಲಿನ್, ಅದನ್ನೂ ಗ್ಲೂಕೋಸನ್ನೂ ಸೇರಿಸಿ ರೆಸಿಸ್ಟೆನ್ಸ್ ಎಷ್ಟು ಅಂತ ಅಂದಾಜು ಹಾಕುವ ಹೋಮಾ-ಐಆರ್. ಈ ಸಂಖ್ಯೆಗಳ ಹಿಂದೆ ಬೀಳಬೇಡಿ ಅಂತ ನನ್ನ ಸಲಹೆ. ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ, ಮಕ್ಕಳಿಗೆ ಎಲ್ಲರೂ ಒಪ್ಪಿದ ಒಂದು ಗಡಿ ಇಲ್ಲ, ವಯಸ್ಸಿಗೆ ಬರುವಾಗ ಹೇಗೂ ಏರುತ್ತದೆ. ತಿಂಗಳಿಗೊಮ್ಮೆ ಮಾಡಿಸಿ 18 ಇದ್ದದ್ದು 21 ಆಯ್ತು ಅಂತ ಗಾಬರಿಯಾಗುವುದರಿಂದ ಯಾರಿಗೂ ಲಾಭವಿಲ್ಲ.

ಲೋಟ

ಈಗ ಕೆಲಸಕ್ಕೆ ಬರೋಣ. ಮೊದಲ ಎರಡು ಮೂರು ವಾರ ಊಟವನ್ನು ಮುಟ್ಟಲೇಬೇಡಿ. ಮಗು ಏನು ಕುಡಿಯುತ್ತದೆ ಅನ್ನುವುದನ್ನು ಮಾತ್ರ ಬದಲಿಸಿ.

ಕಾರಣ ಸರಳ. 330 ಮಿ.ಲೀ. ಸಾಫ್ಟ್ ಡ್ರಿಂಕ್ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಹೆಚ್ಚುಕಮ್ಮಿ 9 ಟೀ ಚಮಚ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 25 ಗ್ರಾಂಗಿಂತ ಕಡಿಮೆ ಸೇರಿಸಿದ ಸಕ್ಕರೆ ಸಾಕು ಅನ್ನುತ್ತದೆ, 2 ವರ್ಷದ ಒಳಗೆ ಬೇಡವೇ ಬೇಡ. ಒಂದೇ ಕ್ಯಾನಿಗೆ ದಿನದ ಲೆಕ್ಕ ಮುಗಿದು ಇನ್ನೂ ಸಾಲವಾಯ್ತು, ಅಲ್ವಾ? ಮೇಲಾಗಿ ದ್ರವ ಹೊಟ್ಟೆ ತುಂಬಿಸುವುದಿಲ್ಲ. ಕುಡಿದದ್ದಕ್ಕೆ ತಕ್ಕಂತೆ ಊಟ ಕಡಿಮೆ ಆಗುವುದಿಲ್ಲ, ಅದು ಮೇಲಿಂದ ಸೇರಿದ್ದು.

ಜ್ಯೂಸಿನ ವಿಷಯದಲ್ಲಿ ಅಪ್ಪ ಅಮ್ಮಂದಿರು ಜಾಸ್ತಿ ಮೋಸ ಹೋಗುತ್ತಾರೆ. ನೂರಕ್ಕೆ ನೂರು ಹಣ್ಣಿನ ರಸ, ಸಕ್ಕರೆ ಹಾಕಿಲ್ಲ ಅಂತ ಬರೆದಿದ್ದರೂ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ, ಸಾಫ್ಟ್ ಡ್ರಿಂಕಿಗೆ ಬಹಳ ದೂರವೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಸಲಹೆಯಲ್ಲಿ ಜ್ಯೂಸಿನ ಸಕ್ಕರೆ ಮತ್ತು ಜೇನುತುಪ್ಪದ ಸಕ್ಕರೆ ಎರಡನ್ನೂ ಮಾಮೂಲಿ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ಎಲ್ಲ ಸೇರಿ ದಿನದ ಶಕ್ತಿಯ 10% ಒಳಗೆ ಇರಬೇಕು, 5% ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುವುದು ಅದರ ಮಾತು. ಮನೆಯಲ್ಲೇ ಹಿಂಡಿದರೂ ಅಷ್ಟೇ. ಮೂರು ನಾಲ್ಕು ಹಣ್ಣು ಕೂತು ತಿನ್ನುವ ಮಗು ಅಪರೂಪ, ಅದರ ರಸವನ್ನು ಒಂದು ನಿಮಿಷದಲ್ಲಿ ಕುಡಿದು ಮುಗಿಸುವ ಮಗು ಎಲ್ಲ ಮನೆಯಲ್ಲೂ ಇದೆ. ಇಡೀ ಹಣ್ಣಿಗೆ ಮಾತ್ರ ಹೆದರಬೇಡಿ. ನಾರಿದೆ, ಅಗಿಯಬೇಕು, ಹೊಟ್ಟೆ ತುಂಬುತ್ತದೆ. ಇನ್ಸುಲಿನ್ ಜಾಸ್ತಿ ಅಂತ ಬಾಳೆಹಣ್ಣು ನಿಲ್ಲಿಸಿ ಬಿಸ್ಕತ್ತು ಮುಂದುವರಿಸುವ ಮನೆಗಳಿವೆ, ಏನು ಹೇಳೋಣ.

ಹಾಲಿಗೆ ಬೆರೆಸುವ ಸಿಹಿ ಪುಡಿ, ಫ್ಲೇವರ್ ಹಾಲು, ಸಿಹಿ ಮೊಸರಿನ ಪಾನೀಯ, ಆಟಗಾರರ ‘ಎನರ್ಜಿ’ ಡ್ರಿಂಕು, ಇವನ್ನೆಲ್ಲ ಇದೇ ಪಟ್ಟಿಗೆ ಸೇರಿಸಿ. ಸಿಹಿ ಹಾಕದ ಹಾಲು ಪರವಾಗಿಲ್ಲ, ಅದರಲ್ಲಿರುವ ಲ್ಯಾಕ್ಟೋಸ್ ಈ ಲೆಕ್ಕಕ್ಕೆ ಬರುವುದಿಲ್ಲ.

ಹೇಗೆ ಬಿಡಿಸುವುದು? ಬಾಟಲಿಗಳನ್ನು ಮನೆಗೆ ತರುವುದನ್ನು ನಿಲ್ಲಿಸುವುದೇ ಮೊದಲ ಉಪಾಯ, ಫ್ರಿಜ್ಜಿನಲ್ಲಿ ಇಟ್ಟು ಕುಡಿಯಬೇಡ ಅನ್ನುವುದು ಮಗುವಿಗೆ ಕೊಡುವ ಶಿಕ್ಷೆ. ಹಾಲಿಗೆ, ಚಹಾಕ್ಕೆ ಹಾಕುವ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ. ಜ್ಯೂಸಿಗೆ ಅರ್ಧ ನೀರು, ಆಮೇಲೆ ಮುಕ್ಕಾಲು ನೀರು, ಆಮೇಲೆ ಬರೀ ನೀರಿಗೆ ನಿಂಬೆ ಹೋಳು. ಸಕ್ಕರೆಯಿಲ್ಲದ ‘ಡಯೆಟ್’ ಪಾನೀಯ ಕೊಡಬಹುದಾ ಅಂತ ಕೇಳುತ್ತಾರೆ. ದಿನಕ್ಕೆ ಎರಡು ಬಾಟಲಿ ಕುಡಿಯುವ ಹದಿಹರೆಯದವರಿಗೆ ಕೆಲವು ವಾರದ ಮೆಟ್ಟಿಲಾಗಿ ಬಳಸಿದರೆ ನಾನು ಜಗಳ ತೆಗೆಯುವುದಿಲ್ಲ, ಆದರೆ ತೂಕ ಇಳಿಸಲು ಕೃತಕ ಸಿಹಿಯನ್ನು ನೆಚ್ಚಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಸಿಹಿಯ ಚಟ ಹಾಗೇ ಉಳಿಯುತ್ತದೆ.

ಬೆಳಗಿನ ತಿಂಡಿ

ಲೋಟ ಹತೋಟಿಗೆ ಬಂದ ಮೇಲೆ ಬೆಳಗಿನ ತಿಂಡಿಗೆ ಬನ್ನಿ. ಬಿಳಿ ಬ್ರೆಡ್ಡು ಜ್ಯಾಮು, ಸಿಹಿ ಕಾರ್ನ್‌ಫ್ಲೇಕ್ಸು, ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ಇವು ಪಿಷ್ಟದ ಮೇಲೆ ಸಕ್ಕರೆ ಸವರಿದ ತಿಂಡಿಗಳು. ಹತ್ತು ಗಂಟೆಗೆ ಮಗು ಹಸಿದು ಕಂಗಾಲು.

ನಿಯಮ ಒಂದೇ ಇಟ್ಟುಕೊಳ್ಳಿ: ಬೆಳಿಗ್ಗೆ ತಟ್ಟೆಯಲ್ಲಿ ಪ್ರೋಟೀನ್ ಇರಲೇಬೇಕು. ಮೊಟ್ಟೆ, ಬೇಯಿಸಿದ ಕಾಳು, ಸಿಹಿ ಇಲ್ಲದ ಗಟ್ಟಿ ಮೊಸರು, ಪನೀರು, ಯಾವುದಾದರೂ ಸರಿ. ಜೊತೆಗೆ ಇಡೀ ಧಾನ್ಯದ್ದು ಏನಾದರೂ ಸ್ವಲ್ಪ, ಒಂದು ಹಣ್ಣು. ಓಟ್ಸ್ ಕೊಡುವುದಾದರೆ ಎರಡು ನಿಮಿಷದ ಮಸಾಲೆ ಪ್ಯಾಕೆಟ್ಟಲ್ಲ, ಬೇಯಲು ಹೊತ್ತು ಹಿಡಿಯುವ ದಪ್ಪ ಓಟ್ಸು. ಅದರ ಮೇಲೆ ಬಾದಾಮಿಯನ್ನೋ ಕಡಲೆಕಾಯಿಯನ್ನೋ ಪುಡಿ ಮಾಡಿ ಉದುರಿಸಿ. 5 ವರ್ಷದ ಒಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ರಾತ್ರಿ ಉಳಿದ ಪಲ್ಯವನ್ನು ಬೆಳಿಗ್ಗೆ ತಿಂದರೂ ತಪ್ಪೇನಿಲ್ಲ, ತಿಂಡಿ ಅಂದರೆ ತಿಂಡಿಯ ಹಾಗೇ ಕಾಣಬೇಕು ಅನ್ನುವ ಹಟ ನಮ್ಮದು, ಹೊಟ್ಟೆಯದಲ್ಲ.

ತಿಂಡಿ ಬಿಡಿಸಿದರೆ ಕ್ಯಾಲೊರಿ ಉಳಿಯುತ್ತದೆ ಅನ್ನುವ ಲೆಕ್ಕ ಮಕ್ಕಳ ಹತ್ತಿರ ನಡೆಯುವುದಿಲ್ಲ. ಹಸಿದ ಮಗು ಸಿಕ್ಕಿದ ಮೊದಲ ಪ್ಯಾಕೆಟ್ಟಿಗೆ ಕೈ ಹಾಕುತ್ತದೆ.

ಡಬ್ಬಿ ಮತ್ತು ಪ್ಯಾಕೆಟ್ಟು

ಪ್ಯಾಕೆಟ್ಟಿನ ಮುಂಭಾಗವನ್ನು ಓದಬೇಡಿ, ಅದು ಜಾಹೀರಾತು. ತಿರುಗಿಸಿ ಹಿಂಭಾಗ ಓದಿ. ಸಾಮಗ್ರಿಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಮೊದಲ ಮೂರು ಹೆಸರಲ್ಲಿ ಮೈದಾ ಮತ್ತು ಸಕ್ಕರೆ ಇದ್ದರೆ ಮೇಲೆ ಎಷ್ಟೇ ಗೋಧಿ ತೆನೆಯ ಚಿತ್ರ ಹಾಕಿದ್ದರೂ ಅದು ಮೈದಾ ಬಿಸ್ಕತ್ತೇ. ‘ಮಲ್ಟಿಗ್ರೇನ್’ ಅಂದರೆ ಹಲವು ಧಾನ್ಯ ಅಂತ ಮಾತ್ರ, ಆ ಧಾನ್ಯಗಳ ತವುಡು ತೆಗೆದಿರಬಹುದು. ಕಂದು ಬಣ್ಣವೂ ಭರವಸೆಯಲ್ಲ, ಬಣ್ಣ ಹಾಕಿರುತ್ತಾರೆ. ಇಡೀ ಧಾನ್ಯದ ಹಿಟ್ಟು ಅಂತ ಸ್ಪಷ್ಟವಾಗಿ ಬರೆದು, ಪಟ್ಟಿಯ ಮೊದಲಿಗೇ ಇದ್ದರೆ ತನ್ನಿ.

ಸಕ್ಕರೆ ಒಂದೇ ಹೆಸರಿನಲ್ಲಿ ಬರುವುದಿಲ್ಲ. ಗ್ಲೂಕೋಸ್ ಸಿರಪ್, ಕಾರ್ನ್ ಸಿರಪ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟ್ ಎಕ್ಸ್‌ಟ್ರಾಕ್ಟ್, ಹಣ್ಣಿನ ಕಾನ್ಸಂಟ್ರೇಟ್, ಜೇನು, ಎಲ್ಲವೂ ಸಕ್ಕರೆಯೇ. ಮಾಲ್ಟೋಡೆಕ್ಸ್‌ಟ್ರಿನ್ ಅಂತ ಕಂಡರೆ ಅದು ಸಿಹಿ ಇಲ್ಲದಿದ್ದರೂ ಸಕ್ಕರೆಯಷ್ಟೇ ಬೇಗ ಗ್ಲೂಕೋಸ್ ಆಗುವ ಪಿಷ್ಟ.

ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಲು ಎರಡು ಸುಲಭ ದಾರಿ. ಸಕ್ಕರೆಯ ಗ್ರಾಂ ಅನ್ನು 4ರಿಂದ ಭಾಗಿಸಿದರೆ ಚಮಚ ಎಷ್ಟು ಅಂತ ಗೊತ್ತಾಗುತ್ತದೆ. 100 ಗ್ರಾಂ ಸಿರಿಯಲ್‌ನಲ್ಲಿ 28 ಗ್ರಾಂ ಸಕ್ಕರೆ ಅಂದರೆ 7 ಚಮಚ. ಇನ್ನೊಂದು, ಒಟ್ಟು ಕಾರ್ಬೊಹೈಡ್ರೇಟ್ ಪ್ರತಿ 10 ಗ್ರಾಂಗೆ ಕನಿಷ್ಠ 1 ಗ್ರಾಂ ನಾರು ಇದೆಯಾ ಅಂತ ನೋಡುವುದು. 60 ಗ್ರಾಂ ಕಾರ್ಬೊಹೈಡ್ರೇಟ್, 2 ಗ್ರಾಂ ನಾರು ಅಂತಿದ್ದರೆ ವಾಪಸ್ ಇಡಿ. 6 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪರವಾಗಿಲ್ಲ. ‘ಒಂದು ಸರ್ವಿಂಗ್‌ಗೆ’ ಅಂತ ಬರೆದಿರುವ ಸಂಖ್ಯೆಯನ್ನು ನಂಬಿ ಕೂರಬೇಡಿ, ಯಾಕಂದರೆ ಆ ಸರ್ವಿಂಗ್ ಎರಡು ಬಿಸ್ಕತ್ತು ಇರುತ್ತದೆ, ನಿಮ್ಮ ಮಗು ತಿನ್ನುವುದು ಎಂಟು.

ಸಂಜೆಯ ಹಸಿವಿಗೆ ಏನು? ಇದು ನಿಜಕ್ಕೂ ಕಷ್ಟದ ಹೊತ್ತು, ಸ್ಕೂಲಿಂದ ಬಂದ ಮಗು ಬ್ಯಾಗ್ ಇಳಿಸುವ ಮೊದಲೇ ಡಬ್ಬಿ ತೆರೆಯುತ್ತದೆ. ಆ ಹೊತ್ತಿಗೆ ಏನಾದರೂ ತಯಾರಾಗಿ ಕಣ್ಣಿಗೆ ಕಾಣುವ ಹಾಗೆ ಇರಬೇಕು: ಹೆಚ್ಚಿದ ಸೌತೆ, ಕ್ಯಾರೆಟ್, ಬೇಯಿಸಿದ ಕಾಳು, ಮೊಟ್ಟೆ, ಹಣ್ಣು, ಹುರಿದ ಕಡಲೆಕಾಯಿ ಒಂದು ಹಿಡಿ. ತಯಾರಿಲ್ಲದಿದ್ದರೆ ಬಿಸ್ಕತ್ತೇ ಗೆಲ್ಲುತ್ತದೆ. ಹಿಂದಿನ ರಾತ್ರಿ ಹತ್ತು ನಿಮಿಷ ಇದಕ್ಕೆ ಕೊಟ್ಟರೆ ಮರುದಿನದ ಜಗಳ ಅರ್ಧ ಕಡಿಮೆ.

ತಟ್ಟೆ

ಈಗ ಊಟ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಪ್ರೋಟೀನು, ಕಾಲು ಭಾಗ ಧಾನ್ಯ. ಆಲೂಗಡ್ಡೆಯನ್ನು ತರಕಾರಿ ಅಂತ ಎಣಿಸಬೇಡಿ, ಅದರ ಜಾಗ ಧಾನ್ಯದ ಕಡೆ. ಬಿಳಿ ಅಕ್ಕಿಯಿಂದ ಇಡೀ ಧಾನ್ಯಕ್ಕೆ ಒಂದೇ ದಿನ ಹಾರಬೇಡಿ. ಕಾಲು ಭಾಗ ಬೆರೆಸಿ, ಎರಡು ವಾರ ಬಿಟ್ಟು ಅರ್ಧ ಬೆರೆಸಿ. ನಾರು ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸಿ ಮಗು ‘ಇದು ತಿಂದರೆ ಹೊಟ್ಟೆನೋವು’ ಅಂತ ತೀರ್ಮಾನಿಸಿಬಿಡುತ್ತದೆ, ಆಮೇಲೆ ಒಪ್ಪಿಸುವುದು ಭಾರೀ ಕಷ್ಟ. ನೀರೂ ಜಾಸ್ತಿ ಕುಡಿಸಿ. ಮಗುವಿನ ವಯಸ್ಸಿಗೆ 5 ಸೇರಿಸಿದರೆ ದಿನಕ್ಕೆ ಬೇಕಾದ ನಾರಿನ ಗ್ರಾಂ ಅಂದಾಜು ಸಿಗುತ್ತದೆ, 9 ವರ್ಷದ ಮಗುವಿಗೆ 14 ಗ್ರಾಂ. ಕನಿಷ್ಠ ಇಷ್ಟಾದರೂ ಇರಲಿ.

ತರಕಾರಿ ಮತ್ತು ಕಾಳು ಮೊದಲು, ಅನ್ನವೋ ಬ್ರೆಡ್ಡೋ ಕೊನೆಗೆ, ಹೀಗೆ ತಿಂದರೆ ಊಟದ ನಂತರ ಸಕ್ಕರೆ ಏರುವುದು ಕಡಿಮೆ ಅಂತ ಕಂಡುಬಂದಿದೆ. ಅಧ್ಯಯನ ಹೆಚ್ಚಾಗಿ ದೊಡ್ಡವರ ಮೇಲೆ ನಡೆದದ್ದು, ಆದರೂ ಖರ್ಚಿಲ್ಲದ ಉಪಾಯ. ಹಸಿದ ಹೊತ್ತಲ್ಲಿ ತರಕಾರಿ ಮುಂದಿಟ್ಟರೆ ಮಕ್ಕಳು ತಿನ್ನುವ ಸಾಧ್ಯತೆಯೂ ಜಾಸ್ತಿ.

ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅಂತ ಸಂಖ್ಯೆಯಲ್ಲಿ ಹೇಳುವ ಗ್ಲೈಸೆಮಿಕ್ ಇಂಡೆಕ್ಸ್ ಪಟ್ಟಿ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಬೇಕಾ? ಬೇಡ. 1981ರಲ್ಲಿ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ತಂದ ಒಳ್ಳೆಯ ಕಲ್ಪನೆ ಅದು, ಆದರೆ ಬೇಯಿಸಿದ ಹೊತ್ತು, ಹಣ್ಣಿನ ಪಕ್ವತೆ, ಜೊತೆಗೆ ತಿಂದದ್ದು, ಎಲ್ಲದರಿಂದ ಸಂಖ್ಯೆ ಬದಲಾಗುತ್ತದೆ. ಐಸ್‌ಕ್ರೀಮಿನ ಸಂಖ್ಯೆ ಬ್ರೆಡ್ಡಿಗಿಂತ ಕಡಿಮೆ ಇರುತ್ತದೆ, ಹಾಗಂತ ಊಟಕ್ಕೆ ಐಸ್‌ಕ್ರೀಮು ಕೊಡುತ್ತೇವಾ?

ಕೀಟೋ, ಅಂದರೆ ಕಾರ್ಬ್ಸ್ ಹೆಚ್ಚುಕಮ್ಮಿ ಪೂರ್ತಿ ಬಿಡುವ ಡಯಟ್, ಅದರ ಬಗ್ಗೆ. ಕಾರ್ಬ್ಸ್ ಕೆಟ್ಟದ್ದು ಅಂದಮೇಲೆ ಪೂರ್ತಿ ನಿಲ್ಲಿಸಿದರಾಯ್ತಲ್ಲ ಅಂತ ಅನಿಸುವುದು ಸಹಜ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 7ರಿಂದ 12 ವರ್ಷದ, ಬೊಜ್ಜಿದ್ದ 102 ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದಕ್ಕೆ ಬಹಳ ಕಡಿಮೆ ಕಾರ್ಬ್ಸ್, ಇನ್ನೊಂದಕ್ಕೆ ನಿಧಾನವಾಗಿ ಕರಗುವ ಕಾರ್ಬ್ಸ್, ಮೂರನೆಯದಕ್ಕೆ ಪ್ರಮಾಣ ನಿಯಂತ್ರಣ. ಮೂರೂ ಗುಂಪಿನಲ್ಲಿ ಸುಧಾರಣೆ ಕಂಡಿತು, ಆದರೆ ಕಡಿಮೆ ಕಾರ್ಬ್ಸ್ ಗುಂಪಿನ ಮಕ್ಕಳಿಗೆ ಅದನ್ನು ಪಾಲಿಸುವುದೇ ಕಷ್ಟವಾಯ್ತು. ಬೆಳೆಯುವ ಮಗುವಿಗೆ ಡಾಕ್ಟರು, ಡಯಟಿಶಿಯನ್ ಕಣ್ಗಾವಲಿಲ್ಲದೆ ಕೀಟೋ, ದಿನವಿಡೀ ಉಪವಾಸ, ಡಿಟಾಕ್ಸ್ ಯಾವುದೂ ಬೇಡ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಔಷಧಿ ತೆಗೆದುಕೊಳ್ಳುವ ಮಗುವಾದರೆ ಕಾರ್ಬ್ಸ್ ಬದಲಿಸುವ ಮೊದಲು ಡಾಕ್ಟರಿಗೆ ಹೇಳಲೇಬೇಕು, ಶುಗರ್ ತೀರಾ ಕೆಳಗಿಳಿಯಬಹುದು.

ಊಟದ ಹೊರಗೆ

ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ಸಹಾಯ ಇಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಇದು ನನಗೆ ಇಡೀ ವಿಷಯದಲ್ಲೇ ಅತಿ ಇಷ್ಟವಾದ ಸಂಗತಿ. ಇನ್ಸುಲಿನ್ ಎಷ್ಟು ತಟ್ಟಿದರೂ ತೆರೆಯದ ಕಡೆ, ಓಡಾಡಿದರೆ ದಾರಿ ತಾನಾಗಿ ತೆರೆಯುತ್ತದೆ. ಹಾಗಾಗಿ ರಾತ್ರಿ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮನೆಯವರೆಲ್ಲ ಸೇರಿ ನಡೆಯಿರಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಟ್ಟಿಗೇ ಆಗಬೇಕಿಲ್ಲ. ತೂಕ ಜಾಸ್ತಿ ಇರುವ ಮಗುವಿಗೆ ಓಡುವುದು ಅವಮಾನದ ಕೆಲಸವಾಗಿರುತ್ತದೆ, ಹಿಂದೆ ಬೀಳುತ್ತದೆ, ಜೊತೆಯವರು ನಗುತ್ತಾರೆ. ಈಜು, ಸೈಕಲ್, ಕುಣಿತ, ಬಸ್ಕಿ, ಹಗ್ಗ ಎಳೆಯುವುದು, ಭಾರ ಎತ್ತುವುದು ಇವುಗಳಲ್ಲಿ ಅದೇ ಮಗು ಮುಂದಿರಬಹುದು. ಅಲ್ಲಿಂದ ಶುರು ಮಾಡಿ.

ನಿದ್ದೆ 6ರಿಂದ 12 ವರ್ಷಕ್ಕೆ 9ರಿಂದ 12 ಗಂಟೆ, 13ರಿಂದ 18ಕ್ಕೆ 8ರಿಂದ 10 ಗಂಟೆ. ನಿದ್ದೆಗೆಟ್ಟ ಮರುದಿನ ಹಸಿವು ಜಾಸ್ತಿ, ಅದೂ ಸಿಹಿಯ ಕಡೆಗೇ. ಜೋರಾಗಿ ಗೊರಕೆ ಹೊಡೆಯುವ ಮಗುವನ್ನು ಡಾಕ್ಟರಿಗೆ ತೋರಿಸಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು, ಅದೂ ಇನ್ಸುಲಿನ್ ರೆಸಿಸ್ಟೆನ್ಸನ್ನು ಜಾಸ್ತಿ ಮಾಡುತ್ತದೆ.

ಮಾತು

ಒಂದು ಮಗುವಿಗೆ ಒಂದು ಅಡುಗೆ, ಉಳಿದವರಿಗೆ ಇನ್ನೊಂದು, ಇದು ಕೆಲಸ ಮಾಡುವುದಿಲ್ಲ. ತೆಳ್ಳಗಿರುವ ತಮ್ಮ ಕೇಕ್ ತಿನ್ನುತ್ತಾನೆ, ದಪ್ಪಗಿರುವ ಅಣ್ಣ ಸೌತೆಕಾಯಿ ಕಡಿಯುತ್ತಾನೆ ಅಂದರೆ ಆ ಅಣ್ಣ ಕದ್ದು ತಿನ್ನುವುದನ್ನು ಕಲಿಯುತ್ತಾನೆ. ಮನೆಗೆಲ್ಲ ಒಂದೇ ಊಟ. ಅಜ್ಜಿ, ತಾತ ಪ್ರೀತಿಯಿಂದ ಸಿಹಿ ತಂದರೆ ಅವರನ್ನು ಗದರಬೇಡಿ. ‘ಸಿಹಿ ಬದಲು ಅವಳನ್ನು ಸಂಜೆ ಪಾರ್ಕಿಗೆ ಕರೆದುಕೊಂಡು ಹೋಗ್ತೀರಾ’ ಅಂತ ಕೇಳಿ, ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ.

ಏನು ತಿನ್ನಬೇಕು, ಯಾವಾಗ, ಎಲ್ಲಿ ಕೂತು ಅನ್ನುವುದು ನಿಮ್ಮ ತೀರ್ಮಾನ. ಎಷ್ಟು ಅನ್ನುವುದನ್ನು ಮಗುವಿಗೆ ಬಿಡಿ. ಎರಡನೇ ಸಲ ಕೇಳಿದರೆ ತರಕಾರಿ, ಕಾಳು ಮೊದಲು ಬಡಿಸಿ. ಹೊಸ ತರಕಾರಿಯನ್ನು ಮಗು ಒಪ್ಪಲು ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಾಣಬೇಕಾಗಬಹುದು, ಎರಡನೇ ಸಲಕ್ಕೇ ಕೈಚೆಲ್ಲಬೇಡಿ. ಮಾರ್ಕ್ಸ್ ಬಂದರೆ ಚಾಕೊಲೇಟು, ಅತ್ತರೆ ಐಸ್‌ಕ್ರೀಮು ಅನ್ನುವ ಲಂಚ ನಿಲ್ಲಿಸಿ. ಹುಟ್ಟುಹಬ್ಬದ ಕೇಕನ್ನು ಮಾತ್ರ ಸಂತೋಷವಾಗಿ ತಿನ್ನಲಿ, ಆ ದಿನ ಗ್ರಾಂ ಲೆಕ್ಕ ಬೇಡ. ‘ಡುಮ್ಮ’, ‘ಡುಮ್ಮಿ’ ಅಂತ ತಮಾಷೆಗೂ ಕರೆಯಬೇಡಿ. ಮಗು ಗುಟ್ಟಾಗಿ ತುಂಬಾ ತಿನ್ನುತ್ತಿದ್ದರೆ, ಊಟದ ನಂತರ ವಾಂತಿ ಮಾಡುತ್ತಿದ್ದರೆ, ಊಟವನ್ನೇ ಬಿಡುತ್ತಿದ್ದರೆ ಡಯಟ್ ಪಕ್ಕಕ್ಕಿಟ್ಟು ಮೊದಲು ಅದಕ್ಕೆ ಸಹಾಯ ಕೇಳಿ.

ಫಲ ಯಾವಾಗ, ನೋಡುವುದು ಹೇಗೆ

ವಾರಕ್ಕೊಮ್ಮೆ ತೂಕ ನೋಡಬೇಡಿ. ಬೆಳೆಯುವ ಮಗುವಿಗೆ ಎತ್ತರ ಏರುತ್ತಾ ತೂಕ ನಿಂತರೂ ಅದು ಗೆಲುವೇ, ಚಿಕ್ಕ ಮಕ್ಕಳಲ್ಲಿ ಹೆಚ್ಚಾಗಿ ಗುರಿಯೇ ಅದು. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, 140 ಸೆಂ.ಮೀ. ಎತ್ತರದ ಮಗುವಿಗೆ 70ರ ಒಳಗೆ. ತಿಂಗಳಿಗೊಮ್ಮೆ ಟೇಪ್ ಹಿಡಿದರೆ ಸಾಕು, ಅದನ್ನೂ ಹೊಸ ಬಟ್ಟೆಗೆ ಅಳತೆ ತೆಗೆದ ಹಾಗೆ ಸುಮ್ನೆ ತೆಗೆಯಿರಿ.

ಬದಲಾವಣೆ ಒಂದೇ ಸಲ ಕಾಣುವುದಿಲ್ಲ. ಊಟದ ನಡುವಿನ ಹಸಿವು ಎರಡು ಮೂರು ವಾರದಲ್ಲಿ ತಗ್ಗಬಹುದು. ರಕ್ತದ ರಿಪೋರ್ಟಿಗೆ 3 ತಿಂಗಳಾದರೂ ಕೊಡಿ, ಎಚ್‌ಬಿಎ1ಸಿ ತೋರಿಸುವುದೇ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು. ಕುತ್ತಿಗೆಯ ಕಪ್ಪು ಎಲ್ಲಕ್ಕಿಂತ ನಿಧಾನ, ತಿಂಗಳುಗಟ್ಟಲೆ ಹಿಡಿಯುತ್ತದೆ, ಅದನ್ನು ನೋಡಿ ‘ಏನೂ ಆಗಿಲ್ಲ’ ಅಂದುಕೊಳ್ಳಬೇಡಿ.

ಮೆಟ್‌ಫಾರ್ಮಿನ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಅದು 10 ವರ್ಷ ಮೇಲ್ಪಟ್ಟ ಮಕ್ಕಳ ಟೈಪ್ 2 ಡಯಾಬಿಟಿಸ್‌ಗೆ ಒಪ್ಪಿಗೆ ಪಡೆದ ಔಷಧಿ. ಬರೀ ರೆಸಿಸ್ಟೆನ್ಸ್ ಇರುವ ಎಲ್ಲ ಮಕ್ಕಳಿಗೂ ಕೊಡುವಂಥದ್ದಲ್ಲ, ಡಾಕ್ಟರು ಮಗುವನ್ನು ನೋಡಿ ನಿರ್ಧರಿಸಬೇಕು. ಇನ್ಸುಲಿನ್ ಸರಿಮಾಡುವ ಪುಡಿ, ಕಷಾಯ, ಮಾತ್ರೆ ಅಂತ ಫೋನಿನಲ್ಲಿ ಜಾಹೀರಾತು ಬಂದರೆ ದಾಟಿಕೊಂಡು ಹೋಗಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮೂರು ದಿನದ ಊಟವನ್ನು ಬರೆದುಕೊಂಡು ಹೋಗಿ, ಅದರಲ್ಲಿ ಒಂದು ರಜಾದಿನ ಇರಲಿ. ಕುಡಿದದ್ದನ್ನೂ ಬರೆಯಿರಿ, ಸ್ಕೂಲಿನಲ್ಲಿ ಸ್ನೇಹಿತರ ಜೊತೆ ತಿಂದದ್ದನ್ನೂ ಮಗುವನ್ನೇ ಕೇಳಿ ಸೇರಿಸಿ, ಬೈಯದೆ ಕೇಳಿದರೆ ಹೇಳುತ್ತದೆ. ಇಷ್ಟು ಕೈಯಲ್ಲಿದ್ದರೆ ‘ಕಾರ್ಬ್ಸ್ ಕಡಿಮೆ ಮಾಡಿ’ ಅಂತ ಒಂದೇ ಸಾಲಿನಲ್ಲಿ ಮುಗಿಸಲು ಅವರಿಗೂ ಆಗುವುದಿಲ್ಲ, ಯಾವ ಹೊತ್ತಿನ ಯಾವ ತಿಂಡಿ ಅಂತ ಬೆರಳಿಟ್ಟು ಹೇಳಬೇಕಾಗುತ್ತದೆ.